ಹಾಸನದಿಂದ ಮೂರು ದಿನದ ರಜೆಯಲ್ಲಿ ನೇತ್ರಾಣಿ, ಸೇಂಟ್ ಮೇರೀಸ್ ಎರಡೂ ದ್ವೀಪಗಳನ್ನು ನೋಡಬಹುದೇ?

ಕ್ರಿಸ್‌ಮಸ್ ಶುಕ್ರವಾರ ಬಂದಿರುವುದರಿಂದ ಮೂರು ದಿನ ಬಿಡುವು ಸಿಗುತ್ತದೆ, ಹಾಸನದಿಂದ ಸ್ವಂತ ಕಾರಿನಲ್ಲಿ ಹೊರಡುತ್ತೇವೆ, ಜೊತೆಗೆ ಎಪ್ಪತ್ತು ದಾಟಿದ ಅಪ್ಪ ಅಮ್ಮ ಹಾಗೂ ಎಂಟು ವರ್ಷದ ಮಗಳಿದ್ದಾಳೆ ಎಂದು ಬರೆದಿದ್ದೀರಿ. ಶನಿವಾರ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ, ಭಾನುವಾರ ಬೆಳಿಗ್ಗೆ ನೇತ್ರಾಣಿಯಲ್ಲಿ ದಂಪತಿಗಳಿಬ್ಬರ ಸ್ಕೂಬಾ ಡೈವಿಂಗ್, ಅಲ್ಲಿಂದ ನೇರವಾಗಿ ಹೊರಟು ರಾತ್ರಿಯೊಳಗೆ ಮನೆ ಸೇರುವುದು ನಿಮ್ಮ ಲೆಕ್ಕಾಚಾರ. ನಾನು ಚಿಕ್ಕಮಗಳೂರಿನಲ್ಲಿ ವಾಸವಾಗಿದ್ದು, ಮಳೆಗಾಲ ಕಳೆದ ಮೇಲೆ ಬಿಡುವಾದಾಗಲೆಲ್ಲ ಕುಟುಂಬದೊಡನೆ ಘಟ್ಟ ಇಳಿಯುತ್ತೇನೆ. ಆ ಪರಿಚಯದ ಮೇಲೆ ಹೇಳುವುದಾದರೆ, ಎರಡೂ ದ್ವೀಪಗಳನ್ನು ಮೂರು ದಿನಗಳಲ್ಲಿ ಖಂಡಿತ ನೋಡಬಹುದು. ಆದರೆ ನೀವು ಹಾಕಿಕೊಂಡಿರುವ ಕ್ರಮವನ್ನು ತಿರುಗಿಸಬೇಕು. ನೇತ್ರಾಣಿ ಶನಿವಾರಕ್ಕೆ ಬರಲಿ, ಸೇಂಟ್ ಮೇರೀಸ್ ಭಾನುವಾರಕ್ಕೆ ಹೋಗಲಿ. ಭಾನುವಾರ ಸಮುದ್ರದಾಳಕ್ಕೆ ಇಳಿದು ಅದೇ ಸಂಜೆ ಘಟ್ಟ ಹತ್ತುವ ಯೋಚನೆಯನ್ನು ದಯವಿಟ್ಟು ಕೈಬಿಡಿ.

ಇದು ಕೇವಲ ಅನುಕೂಲದ ಮಾತಲ್ಲ, ಆರೋಗ್ಯದ ಮಾತು. ನೀರಿನಲ್ಲಿ ಹತ್ತು ಮೀಟರ್ ಕೆಳಗಿಳಿದರೆ ದೇಹದ ಮೇಲಿನ ಒತ್ತಡ ದಡದಲ್ಲಿರುವುದಕ್ಕಿಂತ ಎರಡು ಪಟ್ಟಾಗುತ್ತದೆ. ಆ ಒತ್ತಡದಲ್ಲಿ ಸಿಲಿಂಡರಿನ ಗಾಳಿಯನ್ನು ಉಸಿರಾಡಿದಾಗ ಅದರಲ್ಲಿರುವ ಸಾರಜನಕ ಹೆಚ್ಚಿನ ಪ್ರಮಾಣದಲ್ಲಿ ರಕ್ತಕ್ಕೂ ಮಾಂಸಖಂಡಗಳಿಗೂ ಸೇರಿಕೊಳ್ಳುತ್ತದೆ, ಮೇಲೆ ಬಂದ ನಂತರ ಗಂಟೆಗಟ್ಟಲೆ ಸಮಯ ತೆಗೆದುಕೊಂಡು ಉಸಿರಿನ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಅದು ಪೂರ್ತಿ ಹೊರಹೋಗುವ ಮೊದಲೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಲ್ಲಿ ಆಗುವಂತೆ, ದೇಹದೊಳಗೆ ಗುಳ್ಳೆಗಳೇಳುವ ಅಪಾಯವಿದೆ. ಡೈವಿಂಗ್ ಆದ ಮೇಲೆ ವಿಮಾನ ಹತ್ತಬಾರದೆಂಬ ನಿಯಮವನ್ನು ಎಲ್ಲರೂ ಕೇಳಿರುತ್ತಾರೆ. ಘಟ್ಟದ ರಸ್ತೆಗೂ ಅದೇ ತರ್ಕ ಅನ್ವಯಿಸುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಡೈವಿಂಗ್ ಸುರಕ್ಷತಾ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಒಂದೇ ಬಾರಿ ಇಳಿದವರು ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಬಾರಿ ಇಳಿದವರು ಕನಿಷ್ಠ 18 ಗಂಟೆ ಕಾಯಬೇಕು, ಮತ್ತು ಅದು ಸುಮಾರು 600 ಮೀಟರಿಗಿಂತ ಹೆಚ್ಚಿನ ಎತ್ತರದ ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಹಿಡಿದು ಹೇಳಿದ್ದು. ನಿಮ್ಮ ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ನಮ್ಮ ಚಿಕ್ಕಮಗಳೂರು ಸಾವಿರ ದಾಟುತ್ತದೆ. ಗುಂಡ್ಯದಿಂದ ಸಕಲೇಶಪುರಕ್ಕೆ ಏರುವಾಗ ಒಂದು ಗಂಟೆಯೊಳಗೆ ನಾವು ಆ ಮಿತಿಯನ್ನು ದಾಟಿಬಿಡುತ್ತೇವೆ. ಬೆಂಗಳೂರಿನಿಂದ ಬರುವವರಿಗೂ ಇದು ಅಷ್ಟೇ ನಿಜ. ದೋಣಿಯವರು ಮರುದಿನದ ವಿಮಾನದ ಬಗ್ಗೆ ವಿಚಾರಿಸಿದರೂ ಊರಿನ ಎತ್ತರವನ್ನು ಕೇಳದೆ ಇರಬಹುದು, ಆದ್ದರಿಂದ ನೀವೇ ನೆನಪಿಟ್ಟುಕೊಳ್ಳಬೇಕು.

ಹೀಗಾಗಿ ಶುಕ್ರವಾರವೇ ದೂರದ ತುದಿಗೆ ಹೋಗಿಬಿಡಿ. ನೇತ್ರಾಣಿಗೆ ದೋಣಿ ಹೊರಡುವ ಮುರುಡೇಶ್ವರ ಹಾಸನದಿಂದ ಮುನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬೆಳಿಗ್ಗೆ ಐದಕ್ಕೆ ಹೊರಟರೆ ಹಿರಿಯರಿಗಾಗಿ ಅಲ್ಲಲ್ಲಿ ನಿಲ್ಲಿಸಿಕೊಂಡು ಹೋದರೂ ಮಧ್ಯಾಹ್ನದ ಹೊತ್ತಿಗೆ ತಲುಪುತ್ತೀರಿ. ಶಿರಾಡಿ ಘಟ್ಟ ಇಳಿದು ಪೆರಿಯಶಾಂತಿಯಲ್ಲಿ ಬಲಕ್ಕೆ ತಿರುಗಿ, ಕೊಕ್ಕಡ, ಧರ್ಮಸ್ಥಳ, ಉಜಿರೆ, ಬೆಳ್ತಂಗಡಿಯ ಮೇಲೆ ಕಾರ್ಕಳ ಸೇರಿದರೆ ಮಂಗಳೂರಿನ ವಾಹನ ದಟ್ಟಣೆ ತಪ್ಪುತ್ತದೆ. ರಜೆಯ ದಿನ ಧರ್ಮಸ್ಥಳದ ಸುತ್ತಮುತ್ತ ಮಾತ್ರ ನಿಧಾನವಾಗುವುದು ಸಹಜ. ಕಾರು ಓಡಿಸುವ ಶ್ರಮ ಬೇಡವೆನ್ನುವವರಿಗೆ ಹಾಸನದ ಮೂಲಕ ರಾತ್ರಿ ಹೋಗುವ ಕಾರವಾರದ ಕಡೆಯ ರೈಲು ಇದೆ. ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ಉದ್ದದ ರಜೆಗೆ ತೆರೆದ ದಿನವೇ ಕಾಯ್ದಿರಿಸುವುದು ಕ್ಷೇಮ. ಆದರೆ ಎಪ್ಪತ್ತರ ಹಿರಿಯರೊಡನೆ ಎರಡು ಊರುಗಳಲ್ಲಿ ತಂಗುವ ಪ್ರವಾಸಕ್ಕೆ ಕಾರೇ ಸೂಕ್ತವೆಂದು ನನ್ನ ಅಭಿಪ್ರಾಯ.

ಶನಿವಾರ ಬೆಳಿಗ್ಗೆಯ ನೇತ್ರಾಣಿಗೆ ಹಿಂದಿನ ರಾತ್ರಿಯಿಂದಲೇ ತಯಾರಾಗಬೇಕು. ದ್ವೀಪ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ತೆರೆದ ಸಮುದ್ರದಲ್ಲಿದೆ, ದೋಣಿಯಲ್ಲಿ ಹೋಗಲು ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ಡೈವಿಂಗಿಗೆ ಹೋದವರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ದೋಣಿ ಬಂಡೆಗಳ ಸಮೀಪ ಲಂಗರು ಹಾಕಿ ನಿಲ್ಲುತ್ತದೆ, ನಿಂತ ದೋಣಿ ಓಡುವ ದೋಣಿಗಿಂತ ಹೆಚ್ಚು ತೂಗಾಡುತ್ತದೆ. ಹೊಟ್ಟೆ ತೊಳಸುವುದು ಬಹುತೇಕ ಆಗಲೇ. ರಾತ್ರಿ ಎಣ್ಣೆ ಪದಾರ್ಥ ಮತ್ತು ಮದ್ಯವನ್ನು ಬಿಟ್ಟು ಬೇಗ ಮಲಗಿ, ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರವಾಗಿ ತಿಂದು, ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳುವುದಿದ್ದರೆ ವೈದ್ಯರನ್ನು ಕೇಳಿಕೊಂಡು ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಿ. ದೋಣಿಯಲ್ಲಿ ಮೊಬೈಲ್ ನೋಡದೆ ದಿಗಂತದ ಗೆರೆಯ ಮೇಲೆ ಕಣ್ಣಿಟ್ಟರೆ ಬಹಳ ಸಹಾಯವಾಗುತ್ತದೆ.

ಈಜು ಬಾರದಿದ್ದರೂ ಮೊದಲ ಬಾರಿ ಇಳಿಯುವವರನ್ನು ತರಬೇತುದಾರರು ಕೈಹಿಡಿದೇ ಕರೆದೊಯ್ಯುತ್ತಾರೆ, 12 ಮೀಟರಿಗಿಂತ ಆಳಕ್ಕೆ ಇಳಿಸಬಾರದು. ಮೊದಲು ಭರ್ತಿ ಮಾಡಿಸುವ ಆರೋಗ್ಯದ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬೇಡಿ. ಉಬ್ಬಸ, ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು, ಗರ್ಭಿಣಿಯರಂತೂ ಇಳಿಯಲೇಬಾರದು. ಡಿಸೆಂಬರಿನಲ್ಲಿ ನಮ್ಮ ಮಲೆನಾಡಿನ ಚಳಿಗೆ ನೆಗಡಿ ಹಿಡಿದಿರುವುದು ಸಾಮಾನ್ಯ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಲು ಆಗುವುದಿಲ್ಲ, ತಮಟೆಗೆ ಪೆಟ್ಟಾಗುತ್ತದೆ. ಅಂತಹ ದಿನ ಕಟ್ಟಿದ ಹಣ ಹೋದರೂ ಚಿಂತೆಯಿಲ್ಲವೆಂದು ದೋಣಿಯಲ್ಲೇ ಕುಳಿತುಬಿಡಿ. ಇಳಿಯುವಾಗ ಕಿವಿ ನೋಯಲು ಕಾಯದೆ, ಪ್ರತಿ ಮೀಟರಿಗೂ ಮೂಗು ಒತ್ತಿ ಹಿಡಿದು ಮೆಲ್ಲಗೆ ಊದಬೇಕು. ಕೆಳಗೆ ಹವಳದ ಬಂಡೆಗಳ ನಡುವೆ ಬಣ್ಣಬಣ್ಣದ ಮೀನುಗಳ ಹಿಂಡುಗಳು ಕಾಣುತ್ತವೆ, ಅದೃಷ್ಟವಿದ್ದರೆ ಆಮೆಯೂ ಕಾಣುತ್ತದೆ. ಹವಳ ಜೀವಂತ ಪ್ರಾಣಿಗಳ ಸಮೂಹ, ಕೈಯೂ ಕಾಲಿಗೆ ತೊಡಿಸುವ ಈಜುರೆಕ್ಕೆಯೂ ತಾಕದಂತೆ ನೋಡಿಕೊಳ್ಳಿ. ಮೇಲೆ ಬಂದ ನಂತರದ ಒಂದು ದಿನದೊಳಗೆ ಕೀಲು ನೋವು, ಜುಮುಗುಟ್ಟುವಿಕೆ, ಚರ್ಮದ ಮೇಲೆ ಕಲೆ, ತಲೆಸುತ್ತು ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಡೈವಿಂಗ್ ಮಾಡಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಮಗಳಿಗೆ ಎಂಟೇ ವರ್ಷವಾದ್ದರಿಂದ ಅವಳನ್ನು ಸಮುದ್ರದಲ್ಲಿ ಇಳಿಸುವ ಪ್ರಶ್ನೆಯೇ ಇಲ್ಲ. ಸಾಮಾನ್ಯವಾಗಿ ಹತ್ತು ತುಂಬಿರಬೇಕು. ಅವಳೂ ಅಜ್ಜ ಅಜ್ಜಿಯೂ ಆ ಹೊತ್ತನ್ನು ಮುರುಡೇಶ್ವರದಲ್ಲೇ ಕಳೆಯಲಿ. 123 ಅಡಿ ಎತ್ತರದ ಶಿವನ ವಿಗ್ರಹ, ಲಿಫ್ಟಿನಲ್ಲಿ ಹತ್ತಬಹುದಾದ ರಾಜಗೋಪುರ, ಮೂರು ಕಡೆ ಕಡಲಿರುವ ಕಂದುಕಗಿರಿ ಇಷ್ಟಕ್ಕೇ ಬೆಳಗಿನ ಹೊತ್ತು ಸರಿಹೋಗುತ್ತದೆ. ಮರಳಿಗೆ ಇಳಿದರೂ ನೀರಿಗೆ ಇಳಿಯುವುದು ಬೇಡವೆಂದು ಹಿರಿಯರಿಗೆ ಖಚಿತವಾಗಿ ಹೇಳಿ ಹೋಗಿ. ಕೆರೆ ಮತ್ತು ಹೊಳೆಯ ಈಜು ಬಲ್ಲವರಿಗೂ ಕಡಲಿನ ಸೆಳೆತ ಬೇರೆಯದೇ, ಮೊಣಕಾಲುದ್ದದ ನೀರಿನಲ್ಲೇ ಅಲೆ ಕಾಲಡಿಯ ಮರಳನ್ನು ಎಳೆದೊಯ್ಯುತ್ತದೆ.

ಮಧ್ಯಾಹ್ನ ಊಟ ಮುಗಿಸಿ ದಕ್ಷಿಣಕ್ಕೆ ಹೊರಡಿ. ಮಲ್ಪೆಗೆ ನೂರು ಕಿಲೋಮೀಟರಿನಷ್ಟು ದೂರ, ಬಹುಪಾಲು ಒಳ್ಳೆಯ ಹೆದ್ದಾರಿ. ದಾರಿಯಲ್ಲಿ ತ್ರಾಸಿ ಮರವಂತೆಯ ಬಳಿ ಬಲಕ್ಕೆ ಅರಬ್ಬೀ ಸಮುದ್ರವೂ ಎಡಕ್ಕೆ ಸೌಪರ್ಣಿಕಾ ನದಿಯೂ ಬರುತ್ತವೆ, ನದಿಯ ನಡುವೆ ತೆಂಗು ತುಂಬಿದ ಕುದ್ರುಗಳು, ಅಂದರೆ ಪುಟ್ಟ ನದಿದ್ವೀಪಗಳಿವೆ. ಡಿಸೆಂಬರಿನಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಐದರೊಳಗೆ ಅಲ್ಲಿದ್ದರೆ ಒಳ್ಳೆಯದು. ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸದೆ ಗೊತ್ತುಪಡಿಸಿದ ಜಾಗದಲ್ಲೇ ನಿಲ್ಲಿಸಿ. ರಾತ್ರಿ ಊಟಕ್ಕೆ ಕುಂದಾಪುರದ ಆಸುಪಾಸಿನಲ್ಲಿ ಕಾಣೆ, ಅಂಜಲ್, ಬಂಗುಡೆ ಮೀನುಗಳು, ನೀರುದೋಸೆ ಎಲ್ಲವೂ ಸಿಗುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲವಲ್ಲವಾದ್ದರಿಂದ ತಾಜಾ ಮೀನಿಗೆ ಕೊರತೆಯಿರುವುದಿಲ್ಲ. ಸಸ್ಯಾಹಾರಿಗಳಾದ ಹಿರಿಯರಿಗೆ ಉಡುಪಿಯನ್ನು ಮೀರಿದ ಊರಿಲ್ಲ, ಅವರ ಊಟವನ್ನು ಅಲ್ಲಿಗೇ ಇಟ್ಟುಕೊಳ್ಳಿ.

ಭಾನುವಾರ ಮಲ್ಪೆಯಿಂದ ಹೊರಡುವ ಮೊದಲ ದೋಣಿಯಲ್ಲೇ ಸೇಂಟ್ ಮೇರೀಸಿಗೆ ಹೋಗುವುದು ಅತಿಮುಖ್ಯ. ಹನ್ನೊಂದರ ನಂತರ ಜನರ ಸಾಲು ಬೆಳೆಯುತ್ತದೆ, ದ್ವೀಪದಲ್ಲಿ ತೆಂಗಿನ ಮರಗಳ ಕೆಳಗಲ್ಲದೆ ಹೆಚ್ಚು ನೆರಳಿಲ್ಲ. ದಡದಿಂದ ಆರೇಳು ಕಿಲೋಮೀಟರ್, ಅರ್ಧ ಗಂಟೆಯ ಪ್ರಯಾಣ. ಇಳಿಯುವಾಗ ಕಾಲು ಒದ್ದೆಯಾಗಬಹುದು, ಅಪ್ಪ ಅಮ್ಮನಿಗೆ ಹಿಂದೆ ಪಟ್ಟಿಯಿರುವ, ಜಾರದ ಚಪ್ಪಲಿ ಹಾಕಿಸಿ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಸ್ಟೀಲಿನ ಬಾಟಲಿಯಲ್ಲಿ ನೀರು ಇಟ್ಟುಕೊಳ್ಳಿ. ಅಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ.

ಈ ದ್ವೀಪವನ್ನು ಬರೀ ಫೋಟೋ ತೆಗೆಯುವ ಜಾಗವೆಂದು ನೋಡಿ ಬಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅಲ್ಲಿ ನಿಂತಿರುವ ಬಹುಭುಜಾಕೃತಿಯ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ. ಹರಡಿ ನಿಂತ ಲಾವಾ ತಣಿಯುತ್ತಾ ಕುಗ್ಗಿದಾಗ ಮೇಲಿನಿಂದ ಬಿರುಕು ಬಿಟ್ಟಿತು, ಬಿರುಕುಗಳು ಕೆಳಕ್ಕೆ ಇಳಿಯುತ್ತಾ ಹೋದಂತೆ ಐದು, ಆರು ಮುಖಗಳ ಕಂಬಗಳಾಗಿ ಒಡೆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೇಲೂರು, ಹಳೇಬೀಡುಗಳಲ್ಲಿ ಉಳಿಯ ಕೆಲಸವನ್ನು ನೋಡಿ ಬೆಳೆದ ನಿಮ್ಮ ಮಗಳಿಗೆ ಉಳಿಯೇ ಮುಟ್ಟದ ಈ ಕಂಬಗಳ ಮುಖಗಳನ್ನು ಎಣಿಸಲು ಹೇಳಿ. ಎಲ್ಲ ಕಂಬಗಳಿಗೂ ಆರೇ ಮುಖವಿಲ್ಲವೆಂದು ಅವಳೇ ಕಂಡುಕೊಳ್ಳುತ್ತಾಳೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಹೆಸರಿಟ್ಟನೆಂಬ ಪ್ರತೀತಿಯನ್ನೂ ಅಲ್ಲಿ ಕೇಳುತ್ತೀರಿ. ಪಶ್ಚಿಮದ ಬದಿಯ ಬಂಡೆಗಳ ಮೇಲೆ ಪಾಚಿಯಿರುತ್ತದೆ, ಅಲೆ ಯಾವಾಗ ಏರುತ್ತದೆಂದು ತಿಳಿಯುವುದಿಲ್ಲ. ಅಲ್ಲಿ ಜಾರಿ ಜೀವ ಕಳೆದುಕೊಂಡವರಿದ್ದಾರೆ. ಕಾವಲುಗಾರರು ಸೀಟಿ ಊದಿದರೆ ಅವರ ಮಾತಿನಂತೆ ಹಿಂದೆ ಸರಿಯಿರಿ.

ಗಾಳಿ ಜೋರಾಗಿದ್ದರೆ ಅಥವಾ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತದ ಮುನ್ಸೂಚನೆಯಿದ್ದರೆ ಎರಡೂ ಕಡೆ ದೋಣಿ ನಿಲ್ಲಿಸುತ್ತಾರೆ. ಡಿಸೆಂಬರಿನಲ್ಲಿ ಅದು ಅಪರೂಪ, ಆದರೂ ಡೈವಿಂಗಿಗೆ ಹಣ ಕಟ್ಟುವಾಗ ರದ್ದಾದರೆ ಮರಳಿ ಕೊಡುವರೇ ಎಂದು ಬರಹದಲ್ಲಿ ಪಡೆಯಿರಿ. ಶನಿವಾರ ನೇತ್ರಾಣಿ ರದ್ದಾದರೆ ಅದನ್ನು ಭಾನುವಾರಕ್ಕೆ ತಳ್ಳಬೇಡಿ, ಬಿಟ್ಟುಬಿಡಿ. ಸೇಂಟ್ ಮೇರೀಸ್ ತಪ್ಪಿದರೆ ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಗೆ ಹೋಗಿ. ಹಿನ್ನೀರು ಶಾಂತವಾಗಿರುತ್ತದೆ, ಹಿರಿಯರಿಗೆ ಅದು ದ್ವೀಪಕ್ಕಿಂತಲೂ ಹಿಡಿಸಬಹುದು. 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಗೊಮ್ಮಟ ಹೇಗೂ ಮರಳುವ ದಾರಿಯಲ್ಲೇ ಇದ್ದಾನೆ. ಶ್ರವಣಬೆಳಗೊಳದ ಜಿಲ್ಲೆಯವರಾದ ನೀವು ಅವನನ್ನು ನೋಡದೆ ಬರುವುದು ಸರಿಯಲ್ಲ.

ಮರಳುವಾಗ ಮಲ್ಪೆಯನ್ನು ಮಧ್ಯಾಹ್ನ ಒಂದರೊಳಗೆ ಬಿಡಿ. ಉಜಿರೆ ತಲುಪಿದ ಮೇಲೆ ಎರಡು ದಾರಿಗಳಿವೆ. ಬಂದ ದಾರಿಯಲ್ಲೇ ಶಿರಾಡಿ ಹತ್ತಬಹುದು, ಆದರೆ ರಜೆ ಮುಗಿಯುವ ಸಂಜೆ ಬಸ್ಸು ಲಾರಿಗಳ ಹಿಂದೆ ಸಾಲಿನಲ್ಲಿ ತೆವಳಬೇಕಾಗುತ್ತದೆ. ನಾನಾದರೆ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರಿನ ಮೇಲೆ ಹಾಸನ ಸೇರುತ್ತೇನೆ. ತಿರುವುಗಳು ಹೆಚ್ಚು, ಮಗುವಿಗೆ ಹೊಟ್ಟೆ ತೊಳಸಿದರೆ ನಿಲ್ಲಿಸಬೇಕಾದೀತು, ಆದರೆ ದಾರಿ ಚೆಲುವಾಗಿದೆ. ಕತ್ತಲಾದ ಮೇಲೆ ಮಂಜು ಇಳಿದರೆ ಮುಂದಿನ ತಿರುವೇ ಕಾಣುವುದಿಲ್ಲವಾದ್ದರಿಂದ ಐದರೊಳಗೆ ಕೊಟ್ಟಿಗೆಹಾರದಲ್ಲಿರಬೇಕು. ಅಲ್ಲಿಯ ನೀರುದೋಸೆ ಹೆಸರುವಾಸಿ, ಸಂಜೆಯ ತಿಂಡಿಗೆ ಅಲ್ಲೇ ನಿಲ್ಲಿಸಿ. ಪೆಟ್ರೋಲನ್ನು ಉಜಿರೆಯಲ್ಲೇ ತುಂಬಿಸಿಕೊಳ್ಳಿ, ಹಾಗೂ ಹೊರಡುವ ಹಿಂದಿನ ದಿನ ಎರಡೂ ಘಟ್ಟಗಳಲ್ಲಿ ಸಂಚಾರ ಹೇಗಿದೆಯೆಂದು ವಿಚಾರಿಸಿಕೊಳ್ಳಿ.