ವಿದೇಶಿ ಕೋಚ್, ವಿದೇಶಿ ಮಾಲೀಕ: ಇಂಗ್ಲೆಂಡ್ ಫುಟ್‌ಬಾಲಿನ ಎರಡು ಬೇರೆ ಬೇರೆ ಜಗಳಗಳು

ಇಂಗ್ಲೆಂಡಿನ ರಾಷ್ಟ್ರೀಯ ತಂಡವನ್ನು ಜರ್ಮನಿಯ ಥಾಮಸ್ ಟುಖೆಲ್ ಅವರಿಗೆ ಒಪ್ಪಿಸಿರುವುದೂ ದೊಡ್ಡ ಕ್ಲಬ್ಬುಗಳು ಅಮೆರಿಕದ ಹೂಡಿಕೆದಾರರ, ಕೊಲ್ಲಿ ರಾಷ್ಟ್ರಗಳ ಪಾಲಾಗಿರುವುದೂ ಒಂದೇ ರೋಗದ ಎರಡು ಲಕ್ಷಣಗಳಲ್ಲವೇ, 1966ರಲ್ಲಿ ವಿಶ್ವಕಪ್ ಗೆದ್ದ ನಂತರ ಪುರುಷರ ತಂಡ ದಶಕಗಳ ಕಾಲ ಬರಿಗೈಯಲ್ಲಿ ಮರಳಿದ್ದು ಈ ಕಾರಣದಿಂದಲೇ ಅಲ್ಲವೇ ಎಂದು ನೀವು ಕೇಳಿದ್ದೀರಿ. ಬಹುಕಾಲದಿಂದ ಆ ದೇಶದ ಫುಟ್‌ಬಾಲನ್ನು ದೂರದಿಂದ ನೋಡುತ್ತ, ಅಭಿಮಾನಿಗಳ ವಾದ-ಪ್ರತಿವಾದಗಳನ್ನು ಓದುತ್ತ ಬಂದಿರುವ ನನಗೆ ಇವು ಒಂದೇ ರೋಗವೆಂದು ಅನಿಸುವುದಿಲ್ಲ. ಕೋಚ್ ಒಂದು ಅವಧಿಗೆ ನೇಮಕವಾದ ನೌಕರ. ಗೆಲ್ಲಿಸದಿದ್ದರೆ ಮನೆಗೆ ಹೋಗುತ್ತಾನೆ. ಮಾಲೀಕನನ್ನು ಹಾಗೆ ಮನೆಗೆ ಕಳುಹಿಸುವ ಅಧಿಕಾರ ಅಭಿಮಾನಿಗಳ ಬಳಿ ಇಲ್ಲ. ಇಬ್ಬರನ್ನೂ ‘ವಿದೇಶಿ’ ಎಂಬ ಒಂದೇ ಹಣೆಪಟ್ಟಿಯಡಿ ತಂದು ನಿಲ್ಲಿಸಿದರೆ ಈ ವ್ಯತ್ಯಾಸವೇ ಮರೆಯಾಗಿಬಿಡುತ್ತದೆ.

ಮೊದಲು ಇಸವಿಗಳನ್ನು ನೋಡೋಣ. 1974, 1978 ಮತ್ತು 1994ರ ವಿಶ್ವಕಪ್‌ಗಳಿಗೆ ಇಂಗ್ಲೆಂಡ್ ಅರ್ಹತೆಯನ್ನೇ ಗಳಿಸಲಿಲ್ಲ. ಆ ಮೂರೂ ಸಲ ತಂಡವನ್ನು ನಡೆಸುತ್ತಿದ್ದವರು ಇಂಗ್ಲಿಷರೇ. ದೊಡ್ಡ ಕ್ಲಬ್ಬುಗಳ ಆಡಳಿತ ಮಂಡಳಿಗಳಲ್ಲಿ ಕುಳಿತಿದ್ದವರೂ ಬಹುಪಾಲು ಅಲ್ಲಿನ ಉದ್ಯಮಿಗಳೇ. ಈಜಿಪ್ಟ್ ಮೂಲದ ಮೊಹಮ್ಮದ್ ಅಲ್ ಫಯೆದ್ ಫುಲ್ಹಮ್ ಕ್ಲಬ್ಬನ್ನು ಕೊಂಡದ್ದು 1997ರಲ್ಲಿ, ರಷ್ಯಾದ ರೋಮನ್ ಅಬ್ರಮೊವಿಚ್ ಚೆಲ್ಸಿಯನ್ನು ಕೊಂಡದ್ದು 2003ರಲ್ಲಿ. ಮಾಲೀಕರ ಈ ಅಲೆ ಏಳುವ ಹೊತ್ತಿಗೆ ರಾಷ್ಟ್ರೀಯ ತಂಡದ ಬರಗಾಲಕ್ಕೆ ಮೂರು ದಶಕ ತುಂಬಿತ್ತು.

ವಿದೇಶಿ ಮಾಲೀಕರು ವಿದೇಶಿ ಆಟಗಾರರನ್ನು ತುಂಬಿಕೊಂಡು ಇಂಗ್ಲಿಷ್ ಹುಡುಗರ ಅವಕಾಶವನ್ನು ಕಸಿದರು ಎಂಬ ಮಾತಿಗೂ ಇಸವಿಗಳು ಒಗ್ಗುವುದಿಲ್ಲ. ಇಂಗ್ಲೆಂಡಿನ ಲೀಗ್‌ನಲ್ಲಿ ಮೊತ್ತಮೊದಲ ಬಾರಿಗೆ ಹನ್ನೊಂದೂ ಮಂದಿ ವಿದೇಶಿಯರೇ ಇದ್ದ ತಂಡವನ್ನು ಕಣಕ್ಕಿಳಿಸಿದ್ದು ಚೆಲ್ಸಿ. 1999ರ ಡಿಸೆಂಬರ್ 26ರಂದು, ಸೌತಾಂಪ್ಟನ್ ವಿರುದ್ಧ. ಆಗ ಆ ಕ್ಲಬ್ಬು ಕೆನ್ ಬೇಟ್ಸ್ ಎಂಬ ಇಂಗ್ಲಿಷ್ ಮಾಲೀಕರ ಹಿಡಿತದಲ್ಲಿತ್ತು. ಆಟಗಾರರ ವಲಸೆಗೆ ಬಾಗಿಲು ತೆರೆದದ್ದು, ಯೂರೋಪಿಯನ್ ಒಕ್ಕೂಟದ ದೇಶಗಳ ಆಟಗಾರರ ಸಂಖ್ಯೆಗಿದ್ದ ಮಿತಿಯನ್ನು ತೆಗೆದುಹಾಕಿದ 1995ರ ಬಾಸ್ಮನ್ ನ್ಯಾಯಾಲಯ ತೀರ್ಪು. ಆ ಬಾಗಿಲಿನಿಂದ ಬಂದವರಿಗೆ ಸಂಬಳ ಕೊಡುವ ಶಕ್ತಿ ತಂದದ್ದು 1992ರಲ್ಲಿ ಹುಟ್ಟಿದ ಪ್ರೀಮಿಯರ್ ಲೀಗ್‌ನ ಟಿವಿ ಹಣ. ಇದಕ್ಕೆಲ್ಲ ನಂತರ ಬಂದ ಮಾಲೀಕರನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ವಾಸ್ತವದಲ್ಲಿ ಆದದ್ದು ತಿರುವುಮುರುವು. 2008ರಲ್ಲಿ ಅಬುಧಾಬಿಯ ಪಾಲಾದ ಮ್ಯಾಂಚೆಸ್ಟರ್ ಸಿಟಿ 2014ರಲ್ಲಿ ಒಂದು ಭಾರಿ ಅಕಾಡೆಮಿ ಸಂಕೀರ್ಣವನ್ನು ತೆರೆಯಿತು. ಆ ಕ್ಲಬ್ಬಿನಲ್ಲೇ ಬೆಳೆದ ಫಿಲ್ ಫೋಡೆನ್ 2017ರಲ್ಲಿ ಕೋಲ್ಕತ್ತದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದು, 0-2ರ ಹಿನ್ನಡೆಯಿಂದ ಎದ್ದ ಇಂಗ್ಲೆಂಡ್ ಸ್ಪೇನನ್ನು 5-2ರಿಂದ ಮಣಿಸುವಂತೆ ಮಾಡಿದರು. ಅದೇ ವರ್ಷ 20 ವರ್ಷದೊಳಗಿನವರ ವಿಶ್ವಕಪ್ಪೂ ಇಂಗ್ಲೆಂಡಿನದಾಯಿತು. ಹಿರಿಯರ ತಂಡ 2018ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿತು. 2021ರಲ್ಲಿ ನಡೆದ ಮತ್ತು 2024ರ ಯೂರೊ (ಯೂರೋಪಿನ ರಾಷ್ಟ್ರಗಳ ಚಾಂಪಿಯನ್‌ಷಿಪ್) ಕೂಟಗಳಲ್ಲಿ ಫೈನಲ್ ವರೆಗೆ ಹೋಗಿ ಸೋತಿತು. ಇದರ ಶ್ರೇಯಸ್ಸನ್ನೆಲ್ಲ ಮಾಲೀಕರಿಗೆ ಒಪ್ಪಿಸಲು ನಾನು ಸಿದ್ಧನಿಲ್ಲ. ಅಕಾಡೆಮಿಗಳಿಗೆ ದರ್ಜೆ ನಿಗದಿಪಡಿಸಿ ತರಬೇತಿಯ ಗಂಟೆಗಳನ್ನು ಹೆಚ್ಚಿಸಿದ 2012ರ ಯೋಜನೆಗೆ, 25 ಮಂದಿಯ ತಂಡದಲ್ಲಿ ಸ್ಥಳೀಯವಾಗಿ ತರಬೇತಾಗದವರು 17ಕ್ಕಿಂತ ಹೆಚ್ಚು ಇರಬಾರದೆಂಬ 2010ರ ನಿಯಮಕ್ಕೆ ದೊಡ್ಡ ಪಾಲು ಸಲ್ಲಬೇಕು. ಆದರೂ ಕ್ಲಬ್ಬುಗಳು ವಿದೇಶಿಯರ ಕೈಯಲ್ಲಿ ಅತ್ಯಂತ ಹೆಚ್ಚಿದ್ದ ಕಾಲವೇ ರಾಷ್ಟ್ರೀಯ ತಂಡ 1966ರ ನಂತರ ಅತ್ಯಂತ ಸ್ಥಿರವಾಗಿ ಆಡಿದ ಕಾಲವೂ ಆಗಿದೆ ಎಂಬುದನ್ನು ನಿಮ್ಮ ವಾದ ಹೇಗಾದರೂ ವಿವರಿಸಬೇಕಾಗುತ್ತದೆ.

ಇನ್ನು ಕೋಚ್‌ಗಳ ವಿಚಾರ. 2001ರಲ್ಲಿ ಅಧಿಕಾರ ವಹಿಸಿಕೊಂಡ ಸ್ವೀಡನ್ನಿನ ಸ್ವೆನ್ ಯೋರಾನ್ ಎರಿಕ್ಸನ್ ಇಂಗ್ಲೆಂಡಿನ ಮೊದಲ ವಿದೇಶಿ ಮ್ಯಾನೇಜರ್. ಸತತ ಮೂರು ದೊಡ್ಡ ಕೂಟಗಳಲ್ಲಿ ಅವರು ತಂಡವನ್ನು ಕ್ವಾರ್ಟರ್ ಫೈನಲ್‌ಗೆ ಮುಟ್ಟಿಸಿದರು, ಅದರಾಚೆಗಲ್ಲ. ಅವರ ನಂತರ ಬಂದ ಇಂಗ್ಲಿಷ್ ಮ್ಯಾನೇಜರ್ ಸ್ಟೀವ್ ಮ್ಯಾಕ್ಲರೆನ್ 2008ರ ಯೂರೊಗೆ ಅರ್ಹತೆ ಗಳಿಸುವುದರಲ್ಲೇ ಎಡವಿದರು. ಇಟಲಿಯ ಫ್ಯಾಬಿಯೊ ಕಾಪೆಲ್ಲೊ ಅವರ ತಂಡ 2010ರಲ್ಲಿ ಜರ್ಮನಿಯ ಎದುರು 1-4ರಿಂದ ಸೋತಿತು. ಇಂಗ್ಲಿಷರೇ ಆದ ರಾಯ್ ಹಾಡ್ಜ್‌ಸನ್ ಅವರ ತಂಡ 2014ರಲ್ಲಿ ಗುಂಪು ಹಂತದಲ್ಲೇ ಹೊರಬಿದ್ದು, 2016ರಲ್ಲಿ ಐಸ್‌ಲ್ಯಾಂಡ್‌ಗೆ ಮಣಿಯಿತು. ಎರಡು ಯೂರೊ ಫೈನಲ್‌ಗಳನ್ನು ಕಂಡ ಗರೆತ್ ಸೌತ್‌ಗೇಟ್ ಇಂಗ್ಲಿಷರು. ಅರ್ಹತಾ ಸುತ್ತಿನ ಎಂಟೂ ಪಂದ್ಯಗಳನ್ನು ಒಂದೂ ಗೋಲು ಬಿಟ್ಟುಕೊಡದೆ ಗೆದ್ದು 2026ರ ವಿಶ್ವಕಪ್‌ಗೆ ತಂಡವನ್ನು ಕೊಂಡೊಯ್ದ ಟುಖೆಲ್ ಜರ್ಮನ್ನರು. ಈ ಪಟ್ಟಿಯನ್ನು ಎಷ್ಟು ತಿರುವಿ ನೋಡಿದರೂ ಪಾಸ್‌ಪೋರ್ಟಿನಿಂದ ಫಲಿತಾಂಶವನ್ನು ಊಹಿಸಲಾಗದು.

ಆದರೆ ವಿದೇಶಿ ಕೋಚ್ ಬೇಡವೆನ್ನುವವರ ಒಂದು ವಾದವನ್ನು ನಾನು ಗೌರವಿಸುತ್ತೇನೆ. ದೇಶ-ದೇಶಗಳ ನಡುವಿನ ಕೂಟವೆಂದರೆ ಒಂದೊಂದು ದೇಶವೂ ತಾನೇ ಬೆಳೆಸಿದ ಆಟವನ್ನು ಪಣಕ್ಕೊಡ್ಡುವ ಸ್ಪರ್ಧೆ. ಆಟಗಾರನ ಪೌರತ್ವಕ್ಕೆ ಅಷ್ಟೊಂದು ಕಟ್ಟುನಿಟ್ಟು ಇರುವಾಗ ಆಟದ ಬುದ್ಧಿಯನ್ನು ಮಾತ್ರ ಹೊರಗಿನಿಂದ ಬಾಡಿಗೆಗೆ ತರುವುದು ಸರಿಯೇ ಎಂದು ಅವರು ಕೇಳುತ್ತಾರೆ. ಕೋಚ್‌ಗಳನ್ನು ತಯಾರು ಮಾಡುವುದೂ ತನ್ನ ಉದ್ದೇಶವೆಂದು ಸೇಂಟ್ ಜಾರ್ಜಸ್ ಪಾರ್ಕ್ ಎಂಬ ಕೇಂದ್ರವನ್ನು 2012ರಲ್ಲಿ ತೆರೆದ ಇಂಗ್ಲೆಂಡ್ ಫುಟ್‌ಬಾಲ್ ಸಂಸ್ಥೆ ಹನ್ನೆರಡು ವರ್ಷಗಳ ನಂತರ ಜರ್ಮನಿಯತ್ತ ಮುಖ ಮಾಡಿದ್ದು ಮುಜುಗರದ ಸಂಗತಿಯೇ. 1930ರಿಂದ 2022ರ ವರೆಗೆ ಪುರುಷರ ವಿಶ್ವಕಪ್ಪನ್ನು ಯಾವ ವಿದೇಶಿ ಕೋಚ್ ಕೂಡ ಗೆದ್ದುಕೊಟ್ಟಿಲ್ಲ ಎಂಬುದನ್ನೂ ಅವರು ನೆನಪಿಸುತ್ತಾರೆ. ಗೆಲ್ಲುವ ಸಾಮರ್ಥ್ಯವಿದ್ದ ದೇಶಗಳು ಹೊರಗಿನವರನ್ನು ನೇಮಿಸಿಕೊಂಡದ್ದೇ ಅಪರೂಪವಾದ್ದರಿಂದ ಈ ಅಂಕಿ ನನಗೆ ಅಷ್ಟು ಭಾರವಾಗಿ ಕಾಣುವುದಿಲ್ಲ. ಗ್ರೀಸ್ 2004ರ ಯೂರೊ ಗೆದ್ದದ್ದು ಜರ್ಮನಿಯ ಒಟ್ಟೊ ರೆಹಾಗೆಲ್ ಅವರ ಕೈಕೆಳಗೆ. ಇಂಗ್ಲೆಂಡಿನ ಮಹಿಳಾ ತಂಡವಂತೂ ನೆದರ್ಲೆಂಡ್ಸ್‌ನ ಸರೀನಾ ವಿಗ್ಮನ್ ಅವರ ಮುಂದಾಳತ್ವದಲ್ಲಿ 2022ರಲ್ಲೂ 2025ರಲ್ಲೂ ಯೂರೊ ಗೆದ್ದಿತು. ಟುಖೆಲ್ ವಿಷಯದಲ್ಲಿ ತತ್ತ್ವದ ಮಾತೆತ್ತುವ ಅನೇಕರು ವಿಗ್ಮನ್ ವಿಷಯದಲ್ಲಿ ಮೌನವಾಗಿರುವುದನ್ನು ನಾನು ಗಮನಿಸಿದ್ದೇನೆ. ಗೆದ್ದವರ ಪಾಸ್‌ಪೋರ್ಟನ್ನು ಯಾರೂ ಕೇಳುವುದಿಲ್ಲವೇನೋ.

ಈ ಎರಡು ಜಗಳಗಳು ನಿಜವಾಗಿ ಸಂಧಿಸುವ ಒಂದು ಜಾಗವಿದೆ, ಮತ್ತು ಅದು ಆಟಗಾರರಲ್ಲಿ ಅಲ್ಲ, ಕೋಚ್‌ಗಳಲ್ಲಿ. ಇಂಗ್ಲೆಂಡಿನ ಅತ್ಯುನ್ನತ ಲೀಗನ್ನು ಗೆದ್ದ ಕೊನೆಯ ಇಂಗ್ಲಿಷ್ ಮ್ಯಾನೇಜರ್ 1992ರಲ್ಲಿ ಲೀಡ್ಸ್ ಯುನೈಟೆಡ್‌ನ ಹೊವರ್ಡ್ ವಿಲ್ಕಿನ್ಸನ್. ಅದಾದ ಮೇಲೆ ಶುರುವಾದ ಪ್ರೀಮಿಯರ್ ಲೀಗ್‌ನ ಮೊದಲ ಮೂವತ್ತಮೂರು ಋತುಗಳಲ್ಲಿ ಒಬ್ಬ ಇಂಗ್ಲಿಷ್ ಮ್ಯಾನೇಜರೂ ಪ್ರಶಸ್ತಿ ಎತ್ತಲಿಲ್ಲ. ಜಗತ್ತಿನಾದ್ಯಂತ ವ್ಯಾಪಾರವಿರುವ ಮಾಲೀಕನು ಕೋಚ್‌ನನ್ನೂ ಜಗತ್ತಿನಾದ್ಯಂತ ಹುಡುಕುತ್ತಾನೆ; ಹಾಗಾಗಿ ಯೂರೋಪಿನ ಅಗ್ರ ಕ್ಲಬ್ಬುಗಳು ಸೆಣಸುವ ಚಾಂಪಿಯನ್ಸ್ ಲೀಗ್‌ನ ಒತ್ತಡದಲ್ಲಿ ಪಳಗುವ ಅವಕಾಶ ಇಂಗ್ಲಿಷ್ ಕೋಚ್‌ಗಳಿಗೆ ವಿರಳವಾಗುತ್ತದೆ, ರಾಷ್ಟ್ರೀಯ ತಂಡಕ್ಕೆ ಮ್ಯಾನೇಜರನ್ನು ಆರಿಸಬೇಕಾದಾಗ ಫುಟ್‌ಬಾಲ್ ಸಂಸ್ಥೆಯ ಮುಂದಿರುವ ಹೆಸರುಗಳೂ ಬೆರಳೆಣಿಕೆಗೆ ಇಳಿಯುತ್ತವೆ. ಮಾಲೀಕತ್ವದಿಂದ ರಾಷ್ಟ್ರೀಯ ತಂಡಕ್ಕೆ ಪೆಟ್ಟು ಬಿದ್ದಿದೆ ಎನ್ನುವುದಾದರೆ ನಾನು ಒಪ್ಪುವ ಪೆಟ್ಟು ಇದೊಂದೇ. ಅದರಲ್ಲೂ ವಿಚಿತ್ರವೊಂದಿದೆ. 2025ರ ಲೀಗ್ ಕಪ್ಪನ್ನು ಗೆದ್ದ ಇಂಗ್ಲಿಷ್ ಮ್ಯಾನೇಜರ್ ಎಡ್ಡಿ ಹೋವ್ ಅವರ ನ್ಯೂಕಾಸಲ್ ಸೌದಿ ಅರೇಬಿಯದ ಸರ್ಕಾರಿ ನಿಧಿಯ ಒಡೆತನದಲ್ಲಿದೆ. ಅವರಿಗಿಂತ ಮೊದಲು, 2008ರಲ್ಲಿ, ಎಫ್‌ಎ ಕಪ್ ಗೆದ್ದ ಹ್ಯಾರಿ ರೆಡ್‌ನ್ಯಾಪ್ ಅವರ ಪೋರ್ಟ್ಸ್‌ಮತ್ ಕ್ಲಬ್ಬಿನ ಮಾಲೀಕರೂ ಇಂಗ್ಲಿಷರಾಗಿರಲಿಲ್ಲ.

ಮಾಲೀಕರ ಮೇಲೆ ಅಭಿಮಾನಿಗಳಿಗಿರುವ ಕೋಪವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಮಾಡಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೊಂಡು, ಆ ಸಾಲದ ದೊಡ್ಡ ಭಾಗವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಅದುವರೆಗೆ ಸಾಲವಿಲ್ಲದೆ ನಡೆಯುತ್ತಿದ್ದ ಸಂಸ್ಥೆ ತನ್ನನ್ನು ತಾನೇ ಕೊಂಡದ್ದಕ್ಕೆ ವರ್ಷವರ್ಷವೂ ಬಡ್ಡಿ ಕಟ್ಟುವ ಸ್ಥಿತಿಗೆ ಬಂತು. ಸಿಟ್ಟಿಗೆದ್ದ ಒಂದಷ್ಟು ಅಭಿಮಾನಿಗಳು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ಕ್ಲಬ್ಬು ಕಟ್ಟಿಕೊಂಡು ಹೊರನಡೆದರು. ನಮ್ಮ ಪುಣೆಯ ವೆಂಕೀಸ್ ಕಂಪನಿ 2010ರ ನವೆಂಬರಿನಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬನ್ನು ಕೊಂಡು, ಮರು ತಿಂಗಳೇ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದುಹಾಕಿತು. 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿದ್ದ ಆ ಕ್ಲಬ್ಬು 2012ರಲ್ಲಿ ಕೆಳಗಿನ ಸ್ತರಕ್ಕೆ ಹಿಂಬಡ್ತಿ ಪಡೆಯಿತು. ಹಿಂಬಡ್ತಿ ಖಚಿತವಾದ ಪಂದ್ಯದಲ್ಲಿ ಅಭಿಮಾನಿಗಳು ಕೋಳಿ ವ್ಯಾಪಾರದ ಮಾಲೀಕರನ್ನು ಅಣಕಿಸಲು ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ವಿದೇಶಿ ಮಾಲೀಕ ಎಂದರೆ ನಮ್ಮ ಕಣ್ಣ ಮುಂದೆ ಅಮೆರಿಕದವರೋ ಅರಬ್ಬರೋ ಬರುತ್ತಾರೆ. ಲ್ಯಾಂಕಷೈರ್‌ನ ಆ ಊರಿನವರಿಗೆ ಆ ಪದದಿಂದ ಕಾಣುವುದು ನಾವು.

ಆದರೂ ಕೆಟ್ಟ ಮಾಲೀಕತ್ವ ವಿದೇಶಿಯರ ಸ್ವತ್ತಲ್ಲ. ಒಂದು ಪೌಂಡಿಗೆ ‘ಬರಿ ಎಫ್‌ಸಿ’ ಎಂಬ ಹಳೆಯ ಕ್ಲಬ್ಬನ್ನು ಕೊಂಡು, 2019ರಲ್ಲಿ ಅದು ಲೀಗ್‌ನಿಂದಲೇ ಉಚ್ಚಾಟನೆಯಾಗುವಾಗ ಮಾಲೀಕರಾಗಿದ್ದ ಸ್ಟೀವ್ ಡೇಲ್ ಇಂಗ್ಲಿಷರೇ. 2021ರ ಏಪ್ರಿಲ್‌ನಲ್ಲಿ ಯೂರೋಪಿನ ಶ್ರೀಮಂತ ಕ್ಲಬ್ಬುಗಳು ತಮ್ಮೊಳಗೇ ಆಡಲು ಕಟ್ಟಹೊರಟ ಯೂರೋಪಿಯನ್ ಸೂಪರ್ ಲೀಗ್ ಎಂಬ ಪ್ರತ್ಯೇಕ ಕೂಟವನ್ನು ಸೇರಲು ಹೊರಟ ಆರು ಇಂಗ್ಲಿಷ್ ಕ್ಲಬ್ಬುಗಳಲ್ಲಿ ಐದು ವಿದೇಶಿಯರದ್ದಾದರೂ ಆರನೆಯ ಟಾಟೆನ್‌ಹ್ಯಾಮ್‌ನ ಒಡೆಯರು ಇಂಗ್ಲಿಷರಾಗಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಕಾಸಲ್ ಸೌದಿಗಳ ಕೈ ಸೇರಿದಾಗ ಕ್ರೀಡಾಂಗಣದ ಹೊರಗೆ ಅಭಿಮಾನಿಗಳು ಕುಣಿದದ್ದು ಹೊಸಬರು ಬಂದರೆಂಬ ಹಿಗ್ಗಿಗೆ ಎಷ್ಟೋ, ಹಳೆಯ ಇಂಗ್ಲಿಷ್ ಮಾಲೀಕ ಮೈಕ್ ಆ್ಯಶ್ಲಿ ತೊಲಗಿದರೆಂಬ ಸಮಾಧಾನಕ್ಕೂ ಅಷ್ಟೇ. ಒಂದು ದೇಶದ ಸರ್ಕಾರವೇ ಕ್ಲಬ್ಬಿನ ಒಡೆಯನಾಗುವುದಕ್ಕೆ ನನ್ನ ವಿರೋಧವಿದೆ. ಸಾಮಾನ್ಯ ಮಾಲೀಕನಾದರೆ ಹಣ ಮುಗಿದಾಗಲಾದರೂ ಜಾಗ ಖಾಲಿ ಮಾಡುತ್ತಾನೆ. ಸರ್ಕಾರಕ್ಕೆ ಆ ಭಯವೂ ಇಲ್ಲ.

ಪೋರ್ಟ್ಸ್‌ಮತ್‌ನ ಕಥೆ ಈ ಚರ್ಚೆಯಲ್ಲಿ ಹೆಚ್ಚು ಪ್ರಸ್ತಾಪವಾಗಬೇಕಿತ್ತು. ಎಫ್‌ಎ ಕಪ್ ಗೆದ್ದ ಎರಡೇ ವರ್ಷಗಳಲ್ಲಿ ಆ ಕ್ಲಬ್ಬು ಸಾಲದಲ್ಲಿ ಮುಳುಗಿ, ಒಂದೇ ಋತುವಿನಲ್ಲಿ ಹಲವು ಮಾಲೀಕರ ಕೈ ಬದಲಾಗಿ, 2010ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿದ ಮೊದಲ ಪ್ರೀಮಿಯರ್ ಲೀಗ್ ಕ್ಲಬ್ಬು ಎನಿಸಿಕೊಂಡಿತು. 2013ರ ಹೊತ್ತಿಗೆ ನಾಲ್ಕನೆಯ ಸ್ತರಕ್ಕೆ ಕುಸಿಯಿತು. ಆಗ ಅಭಿಮಾನಿಗಳೇ ಹಣ ಕೂಡಿಸಿ ಅದನ್ನು ಕೊಂಡರು, ಸಾಲ ತೀರಿಸಿದರು, 2017ರಲ್ಲಿ ಮೂರನೆಯ ಸ್ತರಕ್ಕೆ ಬಡ್ತಿ ಕಂಡರು. ಅದೇ ವರ್ಷ, ಡಿಸ್ನಿಯ ಮಾಜಿ ಮುಖ್ಯಸ್ಥ, ಅಮೆರಿಕದ ಮೈಕಲ್ ಐಸ್ನರ್ ಕ್ಲಬ್ಬನ್ನು ಕೇಳಿಕೊಂಡು ಬಂದಾಗ, ಅವರನ್ನು ಪ್ರಶ್ನಿಸಿ, ಚರ್ಚಿಸಿ, ಮತಕ್ಕೆ ಹಾಕಿ, ದೊಡ್ಡ ಬಹುಮತದಿಂದ ಮಾರಿದರು. ವಿದೇಶಿ ಮಾಲೀಕನನ್ನು ಅಭಿಮಾನಿಗಳೇ ಕಣ್ಣು ತೆರೆದು ಆರಿಸಿಕೊಂಡ ಆ ಕ್ಲಬ್ಬು 2024ರಲ್ಲಿ ಎರಡನೆಯ ಸ್ತರಕ್ಕೆ ಮರಳಿತು.

ಹಾಗಿದ್ದರೆ ಜರ್ಮನಿಯ ‘50+1’ ನಿಯಮವನ್ನು ಇಂಗ್ಲೆಂಡ್ ಏಕೆ ತರಬಾರದು ಎಂದು ನೀವು ಕೇಳಬಹುದು. ಕ್ಲಬ್ಬಿನ ಬಹುಮತದ ಹಕ್ಕು ಅಭಿಮಾನಿ ಸದಸ್ಯರ ಬಳಿಯೇ ಉಳಿಯಬೇಕೆನ್ನುವ ಆ ನಿಯಮ ನನಗೆ ಮೆಚ್ಚುಗೆಯದೇ. ಆದರೆ ಅದಿದ್ದೂ ಜರ್ಮನಿಯ ರಾಷ್ಟ್ರೀಯ ತಂಡ 2018ರಲ್ಲೂ 2022ರಲ್ಲೂ ಗುಂಪು ಹಂತ ದಾಟಲಿಲ್ಲ. ಮಾರಾಟವಾಗಿಬಿಟ್ಟ ಕ್ಲಬ್ಬುಗಳಿಗೆ ಅದನ್ನು ಹಿಂದಿನಿಂದ ಅನ್ವಯಿಸುವುದೂ ಅಸಾಧ್ಯಕ್ಕೆ ಹತ್ತಿರದ ಮಾತು, ಏಕೆಂದರೆ 2022ರಲ್ಲಿ ಚೆಲ್ಸಿ ಒಂದರ ಷೇರುಗಳೇ 250 ಕೋಟಿ ಪೌಂಡಿಗೆ ಕೈ ಬದಲಾದವು. ಇಂಗ್ಲೆಂಡ್ ಆರಿಸಿಕೊಂಡ ದಾರಿ 2025ರ ಜುಲೈನಲ್ಲಿ ಕಾನೂನಾದ ಸ್ವತಂತ್ರ ನಿಯಂತ್ರಕ ಸಂಸ್ಥೆ. ಹೊಸ ಮಾಲೀಕರ ಹಿನ್ನೆಲೆಯನ್ನೂ ಹಣದ ಮೂಲವನ್ನೂ ಅದು ಪರಿಶೀಲಿಸಬಹುದು. ಸೂಪರ್ ಲೀಗ್‌ನಂಥ ಕೂಟಗಳನ್ನು ಸೇರದಂತೆ ತಡೆಯಬಹುದು. ಲಾಂಛನ, ಜೆರ್ಸಿಯ ಬಣ್ಣಗಳನ್ನು ಬದಲಿಸಲು ಹೊರಟರೆ ಅಭಿಮಾನಿಗಳ ಒಪ್ಪಿಗೆಯನ್ನು ಕೇಳುವಂತೆ ಮಾಡಬಹುದು. ಟಿಕೆಟ್ ದರವನ್ನು ನಿಗದಿಪಡಿಸುವ ಅಧಿಕಾರ ಅದಕ್ಕಿಲ್ಲ. ಇಂಗ್ಲೆಂಡಿಗೆ ಯಾರು ಕೋಚ್ ಆಗಬೇಕೆಂಬುದರಲ್ಲಿಯೂ ಅದಕ್ಕೆ ಮಾತಿಲ್ಲ. ಆ ಜಗಳವನ್ನು ಫುಟ್‌ಬಾಲ್ ಸಂಸ್ಥೆಯೊಂದಿಗೇ ಆಡಬೇಕು.