ಕತ್ತಲೆಗೆ ಕಣ್ಣು ತಡವಾಗಿ ಹೊಂದಿಕೊಳ್ಳುವುದೇಕೆ?

ಬಿಸಿಲಿನಿಂದ ಚಿತ್ರಮಂದಿರದೊಳಗೆ ಹೋದಾಗ ಬಹಳ ಹೊತ್ತು ಏನೂ ಕಾಣದಿರುವುದಕ್ಕೆ ಪಾಪೆ ನಿಧಾನವಾಗಿ ಹಿಗ್ಗುವುದೇ ಕಾರಣವೇ ಎಂದು ನೀವು ಕೇಳಿದ್ದೀರಿ. ಪಾಪೆಯ ಪಾಲು ಇದರಲ್ಲಿ ಚಿಕ್ಕದು. ಮುಖ್ಯ ಕಾರಣವಿರುವುದು ಅಕ್ಷಿಪಟಲದಲ್ಲಿ (ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ) ಮಂದ ಬೆಳಕಿನ ನೋಟಕ್ಕೆ ನೆರವಾಗುವ ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣಕದಲ್ಲಿ. ಬೆಳಕಿನ ಕಣವೊಂದನ್ನು ಹೀರಿದೊಡನೆ ಅದರೊಳಗಿನ ರೆಟಿನಾಲ್ ಅಣುವಿನ ಬಾಗಿದ ಸರಪಳಿ, ಸೆಕೆಂಡಿನ ಲಕ್ಷಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಅವಧಿಯಲ್ಲಿ, ನೇರವಾಗುತ್ತದೆ. ಬಳಿಕ ಅದು ತನ್ನನ್ನು ಹಿಡಿದಿಟ್ಟಿದ್ದ ಆಪ್ಸಿನ್ ಎಂಬ ಪ್ರೋಟೀನಿನಿಂದ ಬೇರ್ಪಟ್ಟು ವರ್ಣಕವು ಬಣ್ಣಗೆಡುತ್ತದೆ. ಪ್ರಖರ ಬಿಸಿಲಿನಲ್ಲಿ ಹೀಗೆ ಬಣ್ಣಗೆಟ್ಟ ಅಪಾರ ಅಣುಗಳು ಮತ್ತೆ ಕೆಲಸಕ್ಕೆ ಬರಬೇಕಾದರೆ, ರೆಟಿನಾಲ್ ಪಕ್ಕದ ವರ್ಣಕ ಪದರಕ್ಕೆ ಸಾಗಿ, ಅಲ್ಲಿನ ಕಿಣ್ವಗಳ ನೆರವಿನಿಂದ ಮೊದಲಿನ ಬಾಗಿದ ರೂಪವನ್ನು ಪಡೆದು ಹಿಂತಿರುಗಬೇಕಾಗುತ್ತದೆ. ಈ ಸುತ್ತು ನಿಧಾನವಾದುದು. ಪ್ರಖರ ಬೆಳಕಿನ ನೋಟಕ್ಕೂ ಬಣ್ಣ ಗುರುತಿಸಲೂ ನೆರವಾಗುವ ಶಂಕುಕೋಶಗಳು ಸುಮಾರು 10 ನಿಮಿಷಗಳಲ್ಲಿ ಚೇತರಿಸಿಕೊಂಡರೆ, ದಂಡಕೋಶಗಳು ಪೂರ್ಣ ಸಂವೇದನೆಯನ್ನು ಮರಳಿ ಪಡೆಯಲು 30–40 ನಿಮಿಷಗಳೇ ಬೇಕು (ಚಿತ್ರಮಂದಿರದಲ್ಲಿ ಕುರ್ಚಿ ಹುಡುಕಲು ಅಷ್ಟು ಕಾಯಬೇಕಾಗಿಲ್ಲ, ಬಿಡಿ).