ರೀಕಾಲ್ ಆದ ಕಾರಿಗೆ ಬಿಡಿಭಾಗ ಬರುವವರೆಗೆ ಏನು ಮಾಡಬೇಕು: ಬ್ರಹ್ಮಾವರದ ಅಕ್ಕನವರ ಪ್ರಶ್ನೆಗೆ ಉತ್ತರ

ಬ್ರಹ್ಮಾವರದ ಅಕ್ಕನವರಿಗೆ ನಮಸ್ಕಾರ. ನೀವು ಬರೆದಿರುವ ವಿಷಯವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಮೂರು ವರ್ಷಗಳ ಹಿಂದೆ ಬೆಂಗಳೂರು ನೋಂದಣಿಯ 2013ರ ಕಾರೊಂದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದೀರಿ. ಅದರ ಮುಂಭಾಗದ ಏರ್‌ಬ್ಯಾಗಿನಲ್ಲಿ ತಕಾಟಾ ಕಂಪನಿಯ ಇನ್‌ಫ್ಲೇಟರ್ (ಚೀಲವನ್ನು ಉಬ್ಬಿಸುವ ಡಬ್ಬಿ) ಇರುವುದರಿಂದ ಉಚಿತವಾಗಿ ಬದಲಿಸಿಕೊಡುವುದಾಗಿ ರೀಕಾಲ್ ಆಗಿರುವ, ಅಂದರೆ ಕಂಪನಿಯೇ ಕಾರನ್ನು ದುರಸ್ತಿಗೆ ಹಿಂದಕ್ಕೆ ಕರೆದಿರುವ ಸಂಗತಿ ಈಚೆಗಷ್ಟೇ ನಿಮಗೆ ತಿಳಿಯಿತು. ಸರ್ವಿಸ್ ಸೆಂಟರಿನವರು ‘ಪಾರ್ಟ್ ಬಂದಿಲ್ಲ, ಬಂದಾಗ ಫೋನ್ ಮಾಡುತ್ತೇವೆ’ ಎನ್ನುತ್ತಲೇ ನಾಲ್ಕು ತಿಂಗಳು ಕಳೆದಿದ್ದಾರೆ. ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ದಿನವೂ ಮಣಿಪಾಲಕ್ಕೆ ಹೋಗಿಬರುವ ಈ ಕಾರನ್ನು ಓಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಧೈರ್ಯವಾಗಿ ಓಡಿಸಿ’ ಎಂದು ನಮ್ಮ ಈ ಗುಂಪಿನ ಕೆಲವರು ಹೇಳಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಈ ಒಂದು ದೋಷದ ಮಟ್ಟಿಗೆ ವರ್ಷಗಳು ಕಳೆದಷ್ಟೂ ಅಪಾಯ ಹೆಚ್ಚುತ್ತದೆ, ಅದರಲ್ಲಿಯೂ ನಮ್ಮ ಕರಾವಳಿಯಲ್ಲಿ.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಂಪನಿಗೆ ಪತ್ರ ಬರೆಯುವಾಗ ಇದೇ ನಿಮ್ಮ ಕೈಯಲ್ಲಿರುವ ದೊಡ್ಡ ವಾದ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಬೇಕಾದರೆ ಒಳಗಿನ ಲೋಹದ ಡಬ್ಬಿಯಲ್ಲಿರುವ ರಾಸಾಯನಿಕ ಉರಿದು ಅನಿಲವಾಗಬೇಕು. ತಕಾಟಾ ಕಂಪನಿ ಇದಕ್ಕೆ ಬಳಸಿದ್ದು ಅಮೋನಿಯಂ ನೈಟ್ರೇಟ್. ರಸಗೊಬ್ಬರವಾಗಿಯೂ ಬಳಕೆಯಲ್ಲಿರುವ ಈ ಲವಣ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಭರಣಿಯಲ್ಲಿಟ್ಟ ಕಲ್ಲುಪ್ಪು ನೀರೊಡೆಯುವುದನ್ನು ನಾವೆಲ್ಲ ಕಂಡವರೇ. ಇದಲ್ಲದೆ ಸುಮಾರು 32 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ದಾಟಿದಾಗ ಈ ಲವಣದ ಹರಳಿನ ರಚನೆ ಬದಲಾಗಿ ಗಾತ್ರದಲ್ಲಿ ವ್ಯತ್ಯಾಸವಾಗುತ್ತದೆ, ತಣಿದಾಗ ಮತ್ತೆ ಮೊದಲಿನಂತಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಉಡುಪಿಯಲ್ಲಿ ವರ್ಷದ ಬಹುಪಾಲು ದಿನ ಆ ಗಡಿ ದಾಟುತ್ತದೆ. ತೇವವನ್ನು ಹೀರಿ ಒಣಗಿಸುವ ವಸ್ತುವನ್ನು ಜೊತೆಗಿಡದ ಇನ್‌ಫ್ಲೇಟರುಗಳಲ್ಲಿ ಹೀಗೆ ವರ್ಷಗಟ್ಟಲೆ ನಡೆದು ರಾಸಾಯನಿಕದ ಬಿಲ್ಲೆಗಳು ಸಡಿಲವಾಗಿ, ಅಪಘಾತದ ಹೊತ್ತಿಗೆ ಇರಬೇಕಾದುದಕ್ಕಿಂತ ವೇಗವಾಗಿ ಉರಿದು, ಡಬ್ಬಿಯೇ ಒಡೆದು ಲೋಹದ ಚೂರುಗಳು ಬಟ್ಟೆಯ ಚೀಲವನ್ನು ಸೀಳಿಕೊಂಡು ಮುಖ ಮತ್ತು ಕುತ್ತಿಗೆಯತ್ತ ಸಿಡಿಯುತ್ತವೆ. ಸಣ್ಣ ಡಿಕ್ಕಿಯಲ್ಲಿ ಬದುಕಬೇಕಾಗಿದ್ದ ಜನ ಹೀಗೆ ಸತ್ತಿದ್ದಾರೆ. ಮಳೆ ಸುರಿಯುವ ಆಟಿ ತಿಂಗಳಲ್ಲಿ ನಾಲ್ಕು ದಿನ ಕಾರನ್ನು ಹೊರಗೆ ತೆಗೆಯದಿದ್ದರೆ ಸೀಟ್‌ಬೆಲ್ಟಿನ ಪಟ್ಟಿಯ ಮೇಲೆ ಬಿಳಿ ಬೂಸ್ಟು ಹಿಡಿಯುವ ಊರು ನಮ್ಮದು. ಬೆಲ್ಟಿಗೆ ತಗಲುವ ತೇವ ಡ್ಯಾಶ್‌ಬೋರ್ಡಿನೊಳಗೂ ಇದ್ದೇ ಇರುತ್ತದೆ.

ಅಮೆರಿಕದಲ್ಲಿ ಈ ರೀಕಾಲ್ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳಿಗೆ ವಿಸ್ತರಿಸಿ, ಆ ದೇಶದ ಇತಿಹಾಸದಲ್ಲಿಯೇ ಅತಿ ದೊಡ್ಡದಾಯಿತು. ಅಷ್ಟು ಬದಲಿ ಭಾಗಗಳನ್ನು ಒಮ್ಮೆಗೇ ತಯಾರಿಸುವುದು ಯಾರಿಂದಲೂ ಆಗದ ಮಾತಾಗಿತ್ತು. 2017ರ ಜೂನ್‌ನಲ್ಲಿ ತಕಾಟಾ ದಿವಾಳಿ ಅರ್ಜಿ ಹಾಕಿತು. ಬದಲಿ ಭಾಗಕ್ಕಾಗಿ ಮಾಲೀಕರು ತಿಂಗಳುಗಟ್ಟಲೆ, ಕೆಲವರು ವರ್ಷಕ್ಕೂ ಮೀರಿ ಕಾದರು. ಆಗ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ದೇಶವನ್ನು ಸೆಕೆ ಮತ್ತು ತೇವಾಂಶದ ಆಧಾರದಲ್ಲಿ ವಲಯಗಳಾಗಿ ವಿಂಗಡಿಸಿ, ಫ್ಲೋರಿಡಾ, ಹವಾಯಿ ಮತ್ತು ಮೆಕ್ಸಿಕೋ ಕೊಲ್ಲಿಯ ತೀರದ ರಾಜ್ಯಗಳ ಹಳೆಯ ಕಾರುಗಳಿಗೆ ಮೊದಲ ಆದ್ಯತೆ ನೀಡಿತು. ನಮ್ಮಲ್ಲಿ ಅಂಥ ವಲಯಗಳ ಪಟ್ಟಿ ಇಲ್ಲದಿರಬಹುದು, ಆದರೆ ಆ ತರ್ಕ ಇಲ್ಲಿಗೂ ಅನ್ವಯಿಸುತ್ತದೆ. ನಿಮ್ಮ ಆರ್‌ಸಿಯಲ್ಲಿ ಬೆಂಗಳೂರಿನ ನೋಂದಣಿ ಇರುವುದರಿಂದ ಕಂಪನಿಯ ದಾಖಲೆಯಲ್ಲಿ ಅದು ಒಣ ಹವೆಯ ಊರಿನ ಕಾರು. ಅದು ಈಗ ಸಮುದ್ರದ ಬದಿಯಲ್ಲಿದೆ ಎಂಬುದನ್ನು ನೀವು ತಿಳಿಸದ ಹೊರತು ಅವರಿಗೆ ಗೊತ್ತಾಗುವುದಿಲ್ಲ.

ಈಗ ಓಡಿಸುವ ಪ್ರಶ್ನೆಗೆ ಬರುತ್ತೇನೆ. ಮೊದಲು ದೋಷವಿರುವುದು ಚಾಲಕರ ಬದಿಯ ಏರ್‌ಬ್ಯಾಗಿನಲ್ಲಿಯೋ ಅಥವಾ ಪಕ್ಕದ ಸೀಟಿನವರ ಏರ್‌ಬ್ಯಾಗಿನಲ್ಲಿಯೋ ಎಂದು ಕೇಳಿ ತಿಳಿದುಕೊಳ್ಳಿ, ಎಲ್ಲವೂ ಅದರ ಮೇಲೆ ನಿಂತಿದೆ. ಪಕ್ಕದ ಸೀಟಿನದಾದರೆ ಆ ಸೀಟಿನಲ್ಲಿ ಯಾರನ್ನೂ ಕೂರಿಸದೆ, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿ ಕೂರಿಸಿಕೊಂಡು ಅಗತ್ಯದ ಓಡಾಟ ನಡೆಸಬಹುದು. ಬಿಡಿಭಾಗ ಸಿಗದಿದ್ದ ಕಾಲದಲ್ಲಿ ಅಮೆರಿಕದಲ್ಲಿ ಟೊಯೋಟಾ ಡೀಲರುಗಳು ಆ ಬದಿಯ ಏರ್‌ಬ್ಯಾಗನ್ನು ನಿಷ್ಕ್ರಿಯಗೊಳಿಸಿ, ‘ಇಲ್ಲಿ ಕೂರಬೇಡಿ’ ಎಂಬ ಚೀಟಿ ಅಂಟಿಸಿ ಕೊಟ್ಟದ್ದೂ ಇದೆ. ಚಾಲಕರ ಬದಿಯದಾದರೆ ಅಂಥ ದಾರಿ ಇಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಹನ್ನೆರಡು ವರ್ಷ ದಾಟಿದ ಅಂಥ ಕಾರನ್ನು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನವೂ ಓಡಿಸುತ್ತಿರಲಿಲ್ಲ. ಬ್ರಹ್ಮಾವರದಿಂದ ಉಡುಪಿಗೆ ಸರ್ವಿಸ್ ಬಸ್ಸುಗಳಿಗೆ ಕೊರತೆಯಿಲ್ಲ, ಅಲ್ಲಿಂದ ಮಣಿಪಾಲಕ್ಕೆ ಸಿಟಿ ಬಸ್ಸುಗಳಿವೆ, ಮಕ್ಕಳಿಗೆ ಶಾಲೆಯ ವ್ಯಾನಿನ ವ್ಯವಸ್ಥೆ ಮಾಡಬಹುದು. ಖರ್ಚು ಮತ್ತು ಕಿರಿಕಿರಿ ಎರಡೂ ಹೆಚ್ಚುತ್ತವೆ ಎಂಬುದನ್ನು ಬಲ್ಲೆ. ಆದರೂ ಈ ವಿಷಯದಲ್ಲಿ ನನಗೆ ಬೇರೆ ಅಭಿಪ್ರಾಯವಿಲ್ಲ.

ಯಾವ ಕಾರಣಕ್ಕೂ ಹೊರಗಿನ ಗ್ಯಾರೇಜಿನಲ್ಲಿ ಏರ್‌ಬ್ಯಾಗಿನ ಫ್ಯೂಸ್ ಕೀಳಿಸಬೇಡಿ, ಗುಜರಿಯಿಂದ ತಂದ ಏರ್‌ಬ್ಯಾಗನ್ನು ಹಾಕಿಸಲೂಬೇಡಿ. ಫ್ಯೂಸ್ ಕಿತ್ತರೆ ದೋಷವಿಲ್ಲದ ಉಳಿದ ಏರ್‌ಬ್ಯಾಗುಗಳೂ ಕೆಲಸ ಮಾಡದೆ ಹೋಗಬಹುದು. ಗುಜರಿಯಲ್ಲಿ ಸಿಗುವುದು ನಿಮ್ಮದರಷ್ಟೇ ಹಳೆಯ, ಅದೇ ದೋಷದ ಡಬ್ಬಿಯಾಗಿರುವ ಸಾಧ್ಯತೆಯೇ ಹೆಚ್ಚು. ಬಿಡಿಭಾಗವಾಗಿ ಮಾರಾಟವಾದ ವಸ್ತುವಿನಲ್ಲಿಯೂ ಅದೇ ದೋಷ ಇರಬಹುದೆಂಬುದಕ್ಕೆ ಈಚಿನ ಉದಾಹರಣೆಯೂ ಇದೆ. 2024ರ ಅಕ್ಟೋಬರಿನಲ್ಲಿ ಹೋಂಡಾ ಭಾರತದಲ್ಲಿ 90,468 ಕಾರುಗಳ ಫ್ಯುಯಲ್ ಪಂಪ್ ಬದಲಿಸಲು ರೀಕಾಲ್ ಪ್ರಕಟಿಸಿದಾಗ, ಹಿಂದೆ ಆ ಪಂಪನ್ನು ಬಿಡಿಭಾಗವಾಗಿ ಹಾಕಿಸಿಕೊಂಡಿದ್ದ 2,204 ಹಳೆಯ ಕಾರುಗಳನ್ನೂ ಅದರಲ್ಲಿ ಸೇರಿಸಬೇಕಾಯಿತು.

ಇನ್ನು ವಿಳಂಬದ ವಿಷಯ. ಈ ವಿಷಯದಲ್ಲಿ ನನ್ನ ಅನುಭವವನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನನ್ನ ಡೀಸೆಲ್ ಕಾರಿನ ಬ್ರೇಕಿನ ಪೆಡಲನ್ನು ಹಗುರವಾಗಿ ಒತ್ತಲು ನೆರವಾಗುವ ವ್ಯಾಕ್ಯೂಮ್ ಪಂಪ್ ಬದಲಿಸುವ ರೀಕಾಲ್ ಬಂದಿತ್ತು. ಸರ್ವಿಸ್ ಸೆಂಟರಿಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ‘ಬಂದಾಗ ತಿಳಿಸುತ್ತೇವೆ’ ಎಂದರು, ನಾನು ನಂಬಿ ಸುಮ್ಮನಾದೆ. ಹನ್ನೊಂದನೆಯ ವಾರ ತೀರ್ಥಹಳ್ಳಿಯ ಮದುವೆ ಮುಗಿಸಿ ಆಗುಂಬೆ ಘಾಟಿ ಇಳಿಯುವಾಗ, ಹದಿನಾಲ್ಕು ತಿರುವುಗಳಲ್ಲಿ ಅರ್ಧ ಇಳಿದ ಮೇಲೆ, ಬ್ರೇಕಿನ ಪೆಡಲ್ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಎರಡೂ ಕಾಲುಗಳಿಂದ ಒತ್ತಿದರೆ ಬೆರಳಿನಷ್ಟು ಮಾತ್ರ ಇಳಿಯುತ್ತಿತ್ತು. ಮೊದಲನೆಯ ಗೇರಿಗೆ ತಂದು, ಹ್ಯಾಂಡ್‌ಬ್ರೇಕನ್ನು ಮೆಲ್ಲ ಮೆಲ್ಲನೆ ಎಳೆಯುತ್ತಾ, ತಿರುವಿನ ಒಳಬದಿಯ ಚರಂಡಿಗೆ ಮುಂದಿನ ಚಕ್ರ ತಾಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ಅಮ್ಮನಿಗೆ ವಿಷಯ ಗೊತ್ತಾದದ್ದು ಬ್ರೇಕು ಸುಟ್ಟ ವಾಸನೆ ಬಂದ ಮೇಲೆ. ಮಾರನೆಯ ದಿನ ಸರ್ವಿಸ್ ಸೆಂಟರಿಗೆ ಹೋಗಿ ವಿಚಾರಿಸಿದಾಗ ನನ್ನ ಕಾರಿನ ಹೆಸರಿನಲ್ಲಿ ಪಂಪಿಗೆ ಬೇಡಿಕೆಯನ್ನೇ ಕಳುಹಿಸಿರಲಿಲ್ಲ ಎಂಬುದು ತಿಳಿಯಿತು. ನನ್ನ ಮೂರು ಫೋನ್ ಕರೆಗಳು ಯಾವ ದಾಖಲೆಯಲ್ಲಿಯೂ ಇರಲಿಲ್ಲ. ಅದೇ ಪಂಪು ಬೇರೆ ಜಿಲ್ಲೆಯ ಡೀಲರರ ಬಳಿ ಸಿದ್ಧವಾಗಿತ್ತು.

ಆದ್ದರಿಂದ ‘ಫೋನ್ ಮಾಡುತ್ತೇವೆ’ ಎಂಬ ಉತ್ತರ ಪಡೆದು ಹಿಂತಿರುಗಬೇಡಿ. ಕಾರಿನ 17 ಅಕ್ಷರಗಳ ಚಾಸಿಸ್ ನಂಬರನ್ನು ಕೊಟ್ಟು, ಆ ನಂಬರಿನ ಮೇಲೆಯೇ ಬಿಡಿಭಾಗಕ್ಕೆ ಬೇಡಿಕೆ ದಾಖಲಿಸಿ, ಜಾಬ್ ಕಾರ್ಡಿನಲ್ಲಿ (ಸರ್ವಿಸ್ ಸೆಂಟರಿನವರು ಕೆಲಸದ ವಿವರ ಬರೆಯುವ ಚೀಟಿಯಲ್ಲಿ) ‘ರೀಕಾಲ್ ಭಾಗ ಲಭ್ಯವಿಲ್ಲ’ ಎಂದು ಬರೆಸಿಕೊಂಡು, ದಿನಾಂಕ ಮತ್ತು ಸಹಿಯೊಡನೆ ಪ್ರತಿ ಪಡೆಯಿರಿ. ಆ ನಂಬರು ಆರ್‌ಸಿಯಲ್ಲಿದೆ. ಹಲವು ಕಾರುಗಳಲ್ಲಿ ಮುಂದಿನ ಗಾಜಿನ ಕೆಳಮೂಲೆಯಲ್ಲಿಯೋ ಬಾಗಿಲಿನ ಕಂಬದ ಚೀಟಿಯಲ್ಲಿಯೋ ಸಿಗುತ್ತದೆ. ನಕಲು ಮಾಡುವಾಗ ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಇರುವುದಿಲ್ಲವೆಂಬುದು ನೆನಪಿರಲಿ, ದುಂಡಗೆ ಕಾಣುವುದು ಸೊನ್ನೆಯೇ. ಮುಖ್ಯವಾಗಿ ಕಂಪನಿಯ ದಾಖಲೆಯಲ್ಲಿರುವ ಮೊಬೈಲ್ ನಂಬರು ಮತ್ತು ವಿಳಾಸವನ್ನು ನಿಮ್ಮದಕ್ಕೆ ಬದಲಿಸಲು ಹೇಳಿ. ಸೆಕೆಂಡ್‌ಹ್ಯಾಂಡ್ ಕಾರುಗಳ ರೀಕಾಲ್ ಸಂದೇಶ ಮೊದಲ ಮಾಲೀಕರ ಫೋನಿಗೆ ಹೋಗಿ ಅಲ್ಲೇ ಅಳಿಸಿಹೋಗುತ್ತದೆ, ನಿಮಗೆ ಇಷ್ಟು ತಡವಾಗಿ ತಿಳಿದದ್ದಕ್ಕೂ ಅದೇ ಕಾರಣ ಇರಬಹುದು. ಕಾರನ್ನು ಎಲ್ಲಿ ಕೊಂಡರೂ ರೀಕಾಲ್ ಕೆಲಸವನ್ನು ಅದೇ ಕಂಪನಿಯ ಯಾವ ಅಧಿಕೃತ ಡೀಲರಲ್ಲಿಯೂ ಮಾಡಿಸಬಹುದು. ಮಂಗಳೂರು, ಶಿವಮೊಗ್ಗ, ಕಾಸರಗೋಡು ಮೂರೂ ಕಡೆ ಕೇಳಿ. ಇನ್‌ಫ್ಲೇಟರ್ ಸ್ಫೋಟಕ ಗುಣದ ವಸ್ತುವಾದ್ದರಿಂದ ಅದನ್ನು ಸಾಮಾನ್ಯ ಪಾರ್ಸೆಲ್ಲಿನಂತೆ ಬಸ್ಸಿನಲ್ಲಿ ತರಿಸುವಂತಿಲ್ಲ, ಕಾರನ್ನೇ ಅಲ್ಲಿಗೆ ಒಯ್ಯಬೇಕಾಗಬಹುದು.

ಅದರ ಜೊತೆಗೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಕಳುಹಿಸಿ, ಸರ್ವಿಸ್ ಮ್ಯಾನೇಜರರಿಗೂ ಪ್ರತಿ ಹಾಕಿ. ಇಷ್ಟು ಬರೆದರೆ ಸಾಕು: ‘ಈ ಚಾಸಿಸ್ ನಂಬರಿನ ಕಾರು ನಿಮ್ಮ ರೀಕಾಲ್ ಪಟ್ಟಿಯಲ್ಲಿದೆ. ಇದು ಮೂರು ವರ್ಷಗಳಿಂದ ಉಡುಪಿ ಜಿಲ್ಲೆಯ ಕರಾವಳಿಯಲ್ಲಿ, ಹೆಚ್ಚಿನ ಸೆಕೆ ಮತ್ತು ತೇವಾಂಶದ ಹವೆಯಲ್ಲಿ ಬಳಕೆಯಲ್ಲಿದೆ. ಇಂಥ ದಿನಾಂಕದಂದು ಬಿಡಿಭಾಗ ಲಭ್ಯವಿಲ್ಲವೆಂದು ತಿಳಿಸಲಾಗಿದೆ. ಬದಲಿಸುವವರೆಗೆ ಈ ಕಾರನ್ನು ಓಡಿಸುವುದು ಸುರಕ್ಷಿತವೇ, ಇಲ್ಲವಾದರೆ ಬದಲಿ ವಾಹನದ ವ್ಯವಸ್ಥೆ ಏನು, ಬಿಡಿಭಾಗ ಯಾವ ದಿನಾಂಕದೊಳಗೆ ಬರುತ್ತದೆ ಎಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.’ ಓಡಿಸುವುದು ಸುರಕ್ಷಿತವೇ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ‘ಹೌದು’ ಎನ್ನಲು ಯಾವ ಕಂಪನಿಯೂ ಸುಲಭವಾಗಿ ಒಪ್ಪುವುದಿಲ್ಲ, ಆದ್ದರಿಂದ ಆ ಪತ್ರ ಮೇಜಿನಿಂದ ಮೇಜಿಗೆ ಬೇಗ ಸಾಗುತ್ತದೆ.

ಬಿಡಿಭಾಗ ಬರುವವರೆಗೆ ಹೇಗಿರಬೇಕೆಂದು ಕಂಪನಿಗಳೇ ಹೇಳಿದ ಉದಾಹರಣೆಗಳಿವೆ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ನಿಯಂತ್ರಕ ಬದಲಿಸಲು 17,362 ಕಾರುಗಳನ್ನು ಕರೆದಾಗ, ಬದಲಿಸುವವರೆಗೆ ಓಡಿಸಬೇಡಿ ಎಂದೇ ಸೂಚಿಸಿತ್ತು. 2021ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ 1,81,754 ಪೆಟ್ರೋಲ್ ಕಾರುಗಳ ಮೋಟಾರ್ ಜನರೇಟರ್ ಘಟಕದ ರೀಕಾಲ್ ಪ್ರಕಟಿಸಿ, ಭಾಗ ಬದಲಿಸುವ ಕೆಲಸ ನವೆಂಬರಿನ ಮೊದಲ ವಾರದಿಂದ ಎಂದು ತಿಳಿಸಿ, ಅಲ್ಲಿಯವರೆಗೆ ನೀರು ನಿಂತ ರಸ್ತೆಯಲ್ಲಿ ಓಡಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೀರು ಹಾಯಿಸಬೇಡಿ ಎಂದು ಕೋರಿತ್ತು. ಮಳೆ ಬಿಡದ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ನೀರು ನಿಲ್ಲುವ ಕೊಟ್ಟಾರ ಚೌಕಿಯನ್ನೋ ಪಂಪ್‌ವೆಲ್ಲನ್ನೋ ದಾಟಿ ಕೆಲಸಕ್ಕೆ ಹೋಗುವವರಿಗೆ ಅದು ಎಷ್ಟು ಕಷ್ಟದ ಸೂಚನೆ ಎಂದು ಊಹಿಸಬಹುದು. ಆದರೂ ಸೂಚನೆ ಇದ್ದುದರಿಂದ ಜನರಿಗೆ ಜಾಗ್ರತೆ ವಹಿಸಲು ಸಾಧ್ಯವಾಯಿತು. ನಿಮಗೂ ಅಂಥ ಲಿಖಿತ ಸೂಚನೆ ಸಿಗಬೇಕು.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮಿನಂತೆ ದೋಷವಿರುವ ವಾಹನಗಳನ್ನು ಹಿಂಪಡೆಯಲು ಕೇಂದ್ರ ಸರ್ಕಾರ ಆದೇಶಿಸಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ತಪ್ಪಿದ ತಯಾರಕರಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿಯವರೆಗೆ ದಂಡವಿದೆ. ಕೇಂದ್ರ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಮಾಲೀಕರು ದೂರು ದಾಖಲಿಸಬಹುದು. ಆದರೆ ಈ ವ್ಯವಸ್ಥೆ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ, ನಿಮ್ಮ ಕಾರು ಆ ವಯಸ್ಸನ್ನು ದಾಟಿದೆ. ಹಾಗೆಂದು ಕಂಪನಿ ತಾನಾಗಿ ಪ್ರಕಟಿಸಿದ ಉಚಿತ ರೀಕಾಲ್ ಇದರಿಂದ ರದ್ದಾಗುವುದಿಲ್ಲ. ‘ಹಳೆಯ ಕಾರು, ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಹದಿನೈದು ದಿನಗಳಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ಜಾಬ್ ಕಾರ್ಡ್ ಮತ್ತು ಇಮೇಲಿನ ವಿವರ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಗ್ರಾಹಕ ಆಯೋಗಕ್ಕೆ ಹೋಗುವ ಮೊದಲು ಇದನ್ನು ಮಾಡಿ ನೋಡುವುದು ಲೇಸು, ಖರ್ಚಿಲ್ಲ.

ಕೆಲಸ ಆದ ದಿನ ನೀವೇ ಹೋಗಿ ಕಾರನ್ನು ತೆಗೆದುಕೊಳ್ಳಿ. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಏರ್‌ಬ್ಯಾಗಿನ ದೀಪ ಬೆಳಗಿ ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೂ ದೋಷ, ಬೆಳಗದೆಯೇ ಇದ್ದರೂ ದೋಷ. ಬಿಡಿಭಾಗಕ್ಕೂ ಕೂಲಿಗೂ ಬಿಲ್ಲು ಸೊನ್ನೆ ಇರಬೇಕು. ಜನರಲ್ ಸರ್ವಿಸ್ ಮಾಡಿಸಿದರೆ ಮಾತ್ರ ರೀಕಾಲ್ ಕೆಲಸ ಎಂದರೆ ನಯವಾಗಿ ನಿರಾಕರಿಸಿ. ರೀಕಾಲ್ ಪೂರ್ಣಗೊಂಡಿದೆ ಎಂದು ಬರೆದ ಜಾಬ್ ಕಾರ್ಡನ್ನು ಆರ್‌ಸಿಯ ಜೊತೆಯಲ್ಲಿಯೇ ಇಡಿ, ಮುಂದೆ ಕಾರನ್ನು ಕೊಳ್ಳುವವರಿಗೆ ಅದು ಬೇಕಾಗುತ್ತದೆ. ಚಾಲಕರ ಬದಿಯದೋ ಪಕ್ಕದ ಸೀಟಿನದೋ ಎಂಬುದು ತಿಳಿದ ಕೂಡಲೇ ಇಲ್ಲಿ ಬರೆಯಿರಿ. ಚಾಸಿಸ್ ನಂಬರನ್ನು ಮಾತ್ರ ಗುಂಪಿನಲ್ಲಿ ಹಾಕಬೇಡಿ, ಇಮೇಲಿನ ಕರಡು ತೋರಿಸಬೇಕಿದ್ದರೆ ನನಗೆ ಖಾಸಗಿಯಾಗಿ ಕಳುಹಿಸಿ, ಅಂದೇ ಓದಿ ಹೇಳುತ್ತೇನೆ.